ತಣ್ಣೀರಲ್ಲಿ ಕೂತರೆ ತೊಡೆನೋವು ಇಳಿಯುತ್ತದೆಯೆ?

ಪ್ರಶ್ನೆ: ಕುಮಾರಪರ್ವತ ಹತ್ತಿ ಬಂದ ಮರುದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದೇ ಕಷ್ಟವಾಯಿತು. ಐಸ್ ನೀರಿನಲ್ಲಿ ಕೂತರೆ ಈ ನೋವು ಕಡಿಮೆಯಾಗುತ್ತದೆಯೆ?

ಉತ್ತರ: ಸ್ವಲ್ಪ ಆಗುತ್ತದೆ. ನಿಮ್ಮನ್ನು ಹೆಚ್ಚು ಕಾಡಿದ್ದು ಹತ್ತಿದ್ದಲ್ಲ, ಇಳಿದದ್ದು. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಆಗ ಅದರ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ. ಲ್ಯಾಕ್ಟಿಕ್ ಆಮ್ಲವನ್ನು ದೂರುವವರಿದ್ದಾರೆ. ಆದರೆ ಅದು ಒಂದೆರಡು ಗಂಟೆಯಲ್ಲೇ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ.

ತಣ್ಣೀರು ರಕ್ತನಾಳಗಳನ್ನು ಕುಗ್ಗಿಸುತ್ತದೆ, ನೋವಿನ ಸಂದೇಶ ಒಯ್ಯುವ ನರಗಳನ್ನು ನಿಧಾನಗೊಳಿಸುತ್ತದೆ. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ 17 ಸಣ್ಣ ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಸುಮ್ಮನೆ ವಿಶ್ರಮಿಸುವುದಕ್ಕಿಂತ ಇದರಿಂದ ನೋವು ತಗ್ಗುತ್ತದೆ ಎಂದಿತು. ತಣ್ಣೀರಲ್ಲಿ ಕೂತವರಿಗೆ ತಾವು ಕೂತದ್ದು ಗೊತ್ತೇ ಇರುತ್ತದಲ್ಲ, ಹಾಗಾಗಿ ನಂಬಿಕೆಯ ಪಾಲೂ ಇದರಲ್ಲಿ ಇದ್ದೀತು.

10ರಿಂದ 15 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು 10 ನಿಮಿಷ ಸಾಕು. ಹೃದ್ರೋಗ, ಅಧಿಕ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ನೀರಿಗೆ ಇಳಿಯಲೇಬಾರದು. ಜಿಮ್‌ನಲ್ಲಿ ಮೈಕಟ್ಟು ಬೆಳೆಸುವವರಿಗೆ ಇದನ್ನು ರೂಢಿ ಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ, ಸ್ನಾಯುವಿನ ಬೆಳವಣಿಗೆಯೇ ಕುಂಠಿತವಾದದ್ದು 2015ರ ಒಂದು ಅಧ್ಯಯನದಲ್ಲಿ ಕಂಡಿದೆ. ನೀವು ಮುಂದಿನ ಚಾರಣಕ್ಕೆ ಒಂದೆರಡು ವಾರ ಮೊದಲು ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿ. ಒಮ್ಮೆ ಪಳಗಿದ ಸ್ನಾಯು ಮರುಸಲ ಇಷ್ಟು ನೋಯುವುದಿಲ್ಲ.