ಎಂಜಿನ್ ಇಳಿಸಿದ ಗಾಡಿ

“ಎಂಜಿನ್ ಇಳಿಸಿದ್ದಾರಾ ಸಾರ್?”

ಸೆಕೆಂಡ್‌ಹ್ಯಾಂಡ್ ಗಾಡಿ ಮಾರಿದವರಿಗೆಲ್ಲ ಈ ಪ್ರಶ್ನೆ ಗೊತ್ತು. ಬಣ್ಣ, ಟೈರು, ಎಷ್ಟನೇ ಓನರ್ ಎಂಬುದೆಲ್ಲ ಆಮೇಲಿನ ಮಾತು. ಒಮ್ಮೆ ಎಂಜಿನ್‌ಗೆ ಕೈ ಹಾಕಿದ ಗಾಡಿ ಎಂದರೆ ನಮ್ಮಲ್ಲಿ ಜನ ಹಿಂದೆ ಸರಿಯುತ್ತಾರೆ. ನನ್ನ 2008ರ ಪೋರ್ಷೆ ಬಾಕ್ಸ್‌ಸ್ಟರ್ ಮಾರಲು ಹೊರಟ ಮೊದಲ ವಾರ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ: “ಇಳಿಸಿದ್ದಷ್ಟೇ ಅಲ್ಲ, ಎಂಜಿನ್ನೇ ಬೇರೆ ಹಾಕಿಸಿದ್ದೇನೆ.” ಬಹುಪಾಲು ಮಂದಿ “ಮನೇಲಿ ಕೇಳಿ ಹೇಳ್ತೀನಿ ಸಾರ್” ಎಂದು ಫೋನ್ ಇಟ್ಟರು. ಮತ್ತೆ ಮಾಡಲಿಲ್ಲ.

ಒಬ್ಬ ದಲ್ಲಾಳಿ ದಾರಿ ತೋರಿಸಿದ. “ನೀವಾಗೇ ಯಾಕೆ ಬಾಯಿ ಬಿಡ್ತೀರಾ? ಈ ಗಾಡೀಲಿ ಎಂಜಿನ್ ಯಾರ ಕಣ್ಣಿಗೂ ಬೀಳಲ್ಲ. ಕೇಳಿದ್ರೆ ಸಣ್ಣ ಪುಟ್ಟ ಕೆಲಸ ಆಗಿದೆ ಅನ್ನಿ, ಮುಗೀತು.”

ಎಂಜಿನ್ ಕಣ್ಣಿಗೆ ಬೀಳುವುದಿಲ್ಲ ಎಂದದ್ದು ನಿಜ. ಬಾಕ್ಸ್‌ಸ್ಟರ್‌ನ ಮುಂದಿನ ಬಾನೆಟ್ ಎತ್ತಿದರೆ ಸಿಗುವುದು ಸೂಟ್‌ಕೇಸ್ ಇಡುವ ಗುಂಡಿ. ಹಿಂದಿನದನ್ನು ಎತ್ತಿದರೆ ಇನ್ನೊಂದು ಗುಂಡಿ, ಅದರ ಅಂಚಿನಲ್ಲಿ ಆಯಿಲ್ ಮತ್ತು ಕೂಲಂಟ್ ಹಾಕುವ ಮುಚ್ಚಳಗಳು. ಎಂಜಿನ್ ಇರುವುದು ಸೀಟಿನ ಬೆನ್ನಿಗೂ ಹಿಂದಿನ ಚಕ್ರಗಳಿಗೂ ನಡುವೆ, ಅಡಗಿಸಿಟ್ಟ ಹಾಗೆ. ಮೂರು ಸಿಲಿಂಡರ್ ಎಡಕ್ಕೆ, ಮೂರು ಬಲಕ್ಕೆ ಮಲಗಿಸಿದ 2.7 ಲೀಟರ್ ಎಂಜಿನ್, 245 ಅಶ್ವಶಕ್ತಿ. ಹೊರಗೆ ತೆಗೆಯಬೇಕೆಂದರೆ ಗಾಡಿಯನ್ನು ಲಿಫ್ಟ್ ಮೇಲೇರಿಸಿ, ಗೇರ್‌ಬಾಕ್ಸ್ ಸಮೇತ ಕೆಳಗಿನಿಂದ ಇಳಿಸಬೇಕು. ‘ಎಂಜಿನ್ ಇಳಿಸೋದು’ ಎಂಬ ನಮ್ಮ ಗ್ಯಾರೇಜಿನ ಮಾತು ಈ ಕಾರಿಗೆ ಅಕ್ಷರಶಃ ಸಲ್ಲುತ್ತದೆ.

ದಲ್ಲಾಳಿಯ ಉಳಿದ ಮಾತನ್ನು ನಾನು ಒಪ್ಪಲಿಲ್ಲ. ಎಂಜಿನ್ ಬದಲಾದದ್ದು ಗಾಡಿಯ ಕಳಂಕವಲ್ಲ. ಅದನ್ನು ಮುಚ್ಚಿಡುವುದೇ ಕಳಂಕ. ಎರಡು ವರ್ಷ ಈ ಕಾರಿನ ಹಿಂದೆ ಅಲೆದು, ಕೊನೆಗೆ ಮಾರಿ ಮುಗಿಸಿದ ಮೇಲೆ ನನಗೆ ಇನ್ನಷ್ಟು ಖಚಿತವಾದದ್ದು ಇಷ್ಟು. ಅದನ್ನು ಹೇಳಲೆಂದೇ ಈ ಬರಹ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ಬೆಂಗಳೂರಿನ ಪೂರ್ವ ಭಾಗದವರಿಗೆ ಮರೆಯುವಂಥದ್ದಲ್ಲ. ಹೊರವರ್ತುಲ ರಸ್ತೆ ಕೆರೆಯಾಯಿತು, ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ಕರೆತಂದರು, ಕೋಟಿ ಬೆಲೆಯ ಕಾರುಗಳು ನೆಲಮಾಳಿಗೆಯಲ್ಲೇ ಮುಳುಗಿದವು. ನನ್ನದು ಮುಳುಗಿದ್ದಲ್ಲ. ಮೊಣಕಾಲುದ್ದ ನೀರಿನಲ್ಲಿ ನಾನೇ ಓಡಿಸಿದ್ದು. ಮುಂದೆ ಒಂದು ಬಸ್ಸು ದಾಟಿತು, ನಾನೂ ದಾಟಬಹುದೆಂದುಕೊಂಡೆ. ಈ ಕಾರು ಉಸಿರಾಡುವ ಕಿಂಡಿ ಬಾಗಿಲ ಹಿಂದೆ, ಪಕ್ಕದಲ್ಲೇ ಇದೆ. ಬಸ್ಸು ಎಬ್ಬಿಸಿದ ಅಲೆ ಅಲ್ಲಿಗೆ ಬಡಿಯಿತು. ಕಬ್ಬಿಣಕ್ಕೆ ಕಬ್ಬಿಣ ಹೊಡೆದಂತೆ ಒಂದೇ ಒಂದು ಸದ್ದು. ಎಂಜಿನ್ ನಿಂತಿತು.

ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ಒಂದಿಷ್ಟು ನೀರು ಸೇರಿದಾಗ ಮೇಲೇರುವ ಪಿಸ್ಟನ್‌ಗೆ ಗೋಡೆ ಎದುರಾದಂತಾಗಿ, ಅದನ್ನು ಹೊತ್ತ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನನ್ನ ಕಾರಿನಲ್ಲಿ ಒಂದು ರಾಡ್ ಬಾಗಿ, ಪಿಸ್ಟನ್ ಓರೆಯಾಗಿ, ಸಿಲಿಂಡರಿನ ಗೋಡೆಯನ್ನು ಉದ್ದಕ್ಕೆ ಗೀರಿತ್ತು. ಲಾರಿ, ಜೀಪುಗಳಲ್ಲಾದರೆ ಬೋರ್ ಮಾಡಿಸಿ ಸ್ಲೀವ್ ಹಾಕಿಸಿ ಸುಧಾರಿಸುತ್ತಾರೆ. ಈ ಎಂಜಿನ್‌ನಲ್ಲಿ ಸಿಲಿಂಡರುಗಳು ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್‌ನೊಂದಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು. ಮಾಮೂಲಿ ಲೇತ್ ಅಂಗಡಿಯಲ್ಲಿ ಆಗುವ ಕೆಲಸವಲ್ಲ.

ವಿಮೆಯಿಂದ ಬಿಡಿಗಾಸೂ ಬರಲಿಲ್ಲ. ಎಂಜಿನ್‌ಗೆ ನೀರು ಹೊಕ್ಕು ಆಗುವ ಹಾನಿಯನ್ನು ಸಾಮಾನ್ಯ ಪಾಲಿಸಿ ಭರಿಸುವುದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆಯ ಬೇರೆ ಆಡ್-ಆನ್ ಬೇಕು, ಹಳೆಯ ಕಾರುಗಳಿಗೆ ಅದು ಸಾಮಾನ್ಯವಾಗಿ ಸಿಗುವುದೂ ಇಲ್ಲ. ಮಳೆಗಾಲಕ್ಕೆ ಮೊದಲು ನಿಮ್ಮ ಪಾಲಿಸಿಯ ಆ ಒಂದು ಪುಟ ಓದಿಕೊಳ್ಳಿ.

ಹೊಸ ಎಂಜಿನ್ ತರಿಸಿದರೆ ಅದರ ಬೆಲೆಯೇ ಕಾರಿನ ಬೆಲೆಯನ್ನು ಮೀರುತ್ತಿತ್ತು. ಕಾರ್ಖಾನೆಯವರು ಹಳೆಯದನ್ನು ಪಡೆದು ಪುನರ್ನಿರ್ಮಿಸಿದ್ದನ್ನು ಕೊಡುವ ಪದ್ಧತಿಯೂ ಇದೆ. ಅಂಥ ಎಂಜಿನ್‌ಗಳ ಮೇಲೆ ‘ಎಟಿ’ ಎಂದು ಎರಡಕ್ಷರ ಕೊರೆದಿರುತ್ತಾರೆ, ವಿನಿಮಯ ಎಂಬರ್ಥದ ಜರ್ಮನ್ ಪದದ ಗುರುತು. ನನಗೆ ಸಿಕ್ಕಿದ್ದು ಮೂರನೆಯ ದಾರಿ. ಹಿಂದಿನಿಂದ ಗುದ್ದಿಸಿಕೊಳ್ಳದೆ ಮುಂಭಾಗ ಮಾತ್ರ ನಜ್ಜುಗುಜ್ಜಾಗಿ, ವಿಮಾ ಕಂಪನಿ ಪೂರ್ಣ ನಷ್ಟವೆಂದು ಬರೆದುಹಾಕಿದ ಅದೇ ಮಾದರಿಯ ಇನ್ನೊಂದು ಕಾರಿನ ಎಂಜಿನ್. ಶಿವಾಜಿನಗರದ ಗುಜರಿಯಲ್ಲಿ ಬಿಲ್ಲಿಲ್ಲದೆ ಸಣ್ಣ ಭಾಗ ಕೊಂಡು ಹಾಕಿಕೊಂಡವರು ಬೇಕಾದಷ್ಟಿದ್ದಾರೆ. ಎಂಜಿನ್ ಮಾತ್ರ ಹಾಗೆ ಕೊಳ್ಳುವ ವಸ್ತುವಲ್ಲ. ಅದಕ್ಕೊಂದು ನಂಬರ್ ಇದೆ, ಆ ನಂಬರಿಗೊಂದು ಪೂರ್ವಕಥೆ ಇದೆ. ಮಾರಾಟಗಾರನ ಬಿಲ್ಲು, ವಿಮಾ ಕಂಪನಿಯ ಪತ್ರ, ಆ ಕಾರಿನ ನೋಂದಣಿ ರದ್ದಾದ ದಾಖಲೆ ಮೂರೂ ಕೈಗೆ ಬರುವ ತನಕ ನಾನು ದುಡ್ಡು ಕೊಡಲಿಲ್ಲ. ಇದಕ್ಕೇ ಎರಡು ತಿಂಗಳು ಹೋಯಿತು.

ಎಂಜಿನ್ ಬಂದ ದಿನ ಗ್ಯಾರೇಜಿನಲ್ಲಿ ಅದನ್ನು ಎರಡು ಹಳೆಯ ಟೈರುಗಳ ಮೇಲೆ ಇಳಿಸಿದ್ದರು. ಮೇಸ್ತ್ರಿ ಅಡಿಗೆ ಬಾಗಿ, ಆಯಿಲ್ ಸಂಪಿನ ಪಕ್ಕದಲ್ಲಿ ಗಟ್ಟಿಯಾಗಿ ಕೂತಿದ್ದ ಕರಿ ಜಿಡ್ಡಿಗೆ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಹಿಡಿದು ನಿಧಾನಕ್ಕೆ ಉಜ್ಜಿದರು. ಮೊದಲು ಬೆಳ್ಳಗಿನ ಲೋಹ ಕಂಡಿತು, ಆಮೇಲೆ ‘ಎಂ97/20’ ಎಂಬ ಗುರುತು, ಅದರ ಬಳಿ ಎಂಟಂಕಿಯ ನಂಬರ್. ಮೊಬೈಲ್ ಟಾರ್ಚ್ ಹಿಡಿದು ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದರು. ನಾನು ಬಿಲ್ಲಿನ ಮೇಲೆ ಬೆರಳಿಟ್ಟು ಸರಿ ನೋಡಿದೆ. ಕೊನೆಯ ಅಂಕಿಯೂ ತಾಳೆಯಾದಾಗ “ಈಗ ಇದು ನಿಮ್ಮ ಮಾಲು ಸಾರ್” ಎಂದರು.

ಎಂಜಿನ್ ಹೊರಗಿದ್ದಾಗಲೇ ಕ್ಲಚ್, ವಾಟರ್ ಪಂಪ್, ಕ್ರ್ಯಾಂಕ್‌ನ ಹಿಂದಿನ ಸೀಲ್ ಎಲ್ಲ ಹೊಸದು ಹಾಕಿಸಿದೆ. ಇವಕ್ಕೆ ಮುಂದೆ ಕೈ ಹಾಕಬೇಕೆಂದರೆ ಮತ್ತೆ ಬೇರೆ ಕೂಲಿ.

ಎಂಜಿನ್ ಕೂತ ಮೇಲೆ ಗಾಡಿ ಓಡುತ್ತದೆ, ಇನ್ನೇನು ಎಂದು ಸುಮ್ಮನಾಗುವವರೇ ಹೆಚ್ಚು. ತಪ್ಪು ಆಗುವುದೇ ಇಲ್ಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. ಮಾಡಿದ ಮಾರ್ಪಾಡನ್ನು 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಎಂಜಿನ್ ನಂಬರ್ ಆ ವಿವರಗಳಲ್ಲೊಂದು. ನಾನು ಮೊದಲು ಅರ್ಜಿ ಹಾಕಿ, ಗಾಡಿಯನ್ನು ಆರ್‌ಟಿಓ ಕಚೇರಿಗೆ ಒಯ್ದು, ಇನ್‌ಸ್ಪೆಕ್ಟರ್ ಅಡಿಯಿಂದ ನಂಬರ್ ನೋಡಿ ಬರೆದುಕೊಂಡ ಮೇಲೆ ಹೊಸ ನಂಬರ್ ಆರ್‌ಸಿಗೆ ಬಂತು. ಅದೇ ವಾರ ವಿಮಾ ಪಾಲಿಸಿಯಲ್ಲೂ ತಿದ್ದಿಸಿದೆ. ಎರಡರಲ್ಲಿ ಎರಡು ನಂಬರ್ ಇದ್ದರೆ ಮುಂದಿನ ಯಾವ ಕ್ಲೇಮಿಗಾದರೂ ಅದೇ ಮುಳ್ಳಾಗುತ್ತದೆ.

ನನಗೆ ಇನ್ನೊಂದು ಗಡುವೂ ಇತ್ತು. 2008ರ ಗಾಡಿಗೆ 2023ರಲ್ಲಿ 15 ವರ್ಷ ತುಂಬಿತು, ನೋಂದಣಿ ನವೀಕರಿಸಲೇಬೇಕು. ಆಮದು ಕಾರಾದ್ದರಿಂದ ಅದರ ಶುಲ್ಕವೇ ಆಗ 40,000 ರೂಪಾಯಿ. ಇಲ್ಲೇ ತಯಾರಾದ ಕಾರಿಗೆ 5,000. ನವೀಕರಣಕ್ಕೆ ಒಯ್ದಾಗ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ತಾಳೆ ನೋಡಿದರು. ನಮೂದು ಮಾಡಿಸದೇ ಇದ್ದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತಿತ್ತು.

ಇಷ್ಟಾದರೂ ಜನ ಯಾಕೆ ಹೆದರುತ್ತಾರೆ? ಒಂದು ಹೆದರಿಕೆ ಸಂಗ್ರಾಹಕರ ಲೋಕದಿಂದ ಬಂದದ್ದು. ಐವತ್ತು ಅರವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಹುಟ್ಟಿದಾಗಿನ ಎಂಜಿನ್ನೇ ಇದೆಯೇ ಎಂಬುದರ ಮೇಲೆ ಬೆಲೆ ನಿಂತಿರುತ್ತದೆ. ಚಾಸಿಗೂ ಎಂಜಿನ್‌ಗೂ ಕಾರ್ಖಾನೆಯ ದಾಖಲೆಗೂ ತಾಳೆಯಾದರೆ ಒಂದು ಬೆಲೆ, ಇಲ್ಲದಿದ್ದರೆ ಬಹಳ ಕಡಿಮೆ. ಅಲ್ಲಿ ಅದು ನ್ಯಾಯ, ಏಕೆಂದರೆ ಕೊಳ್ಳುವವನು ಇತಿಹಾಸವನ್ನು ಕೊಳ್ಳುತ್ತಿದ್ದಾನೆ. ನನ್ನ ಬಾಕ್ಸ್‌ಸ್ಟರ್‌ನಂಥ ಓಡಿಸುವ ಕಾರಿಗೆ ಅದೇ ಅಳತೆಗೋಲು ಹಿಡಿಯುವುದು ಸರಿಯಲ್ಲ.

ಪೋರ್ಷೆಯದೇ ಒಂದು ಉದಾಹರಣೆ ಇದೆ. 2014ರಲ್ಲಿ ಆಗಷ್ಟೇ ಬಂದಿದ್ದ 911 ಜಿಟಿ3 ಕಾರುಗಳಲ್ಲಿ ಎರಡಕ್ಕೆ ಬೆಂಕಿ ಹೊತ್ತಿಕೊಂಡಿತು. ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲಗೊಂಡದ್ದು ಕಾರಣವೆಂದು ಪತ್ತೆಹಚ್ಚಿದ ಕಂಪನಿ, ಮಾರಿದ್ದ 785 ಕಾರುಗಳ ಎಂಜಿನ್‌ಗಳನ್ನೂ ಬದಲಾಯಿಸಿಕೊಟ್ಟಿತು. ಆ ಕಾರುಗಳಿಗೆ ಇಂದೂ ಬೇಡಿಕೆ ಇದೆ, ಕೊಳ್ಳುವವರು ಬದಲಾವಣೆಯ ದಾಖಲೆಯನ್ನು ಕೇಳಿ ಪಡೆಯುತ್ತಾರೆ. ಹಳೆಯ ಬಾಕ್ಸ್‌ಸ್ಟರ್, 911ಗಳ ಮಾತೂ ಹೀಗೇ. ಎಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್‌ನ ಬೇರಿಂಗ್ ಒಡೆದು ಇಡೀ ಎಂಜಿನ್ ಹಾಳಾಗುವ ತೊಂದರೆ ಜಗತ್ತಿನ ತುಂಬ ಚರ್ಚೆಯಾಯಿತು. ಅಮೆರಿಕದಲ್ಲಿ 2001ರ ಮೇಯಿಂದ 2005ರ ಫೆಬ್ರವರಿವರೆಗೆ ತಯಾರಾದ ಕಾರುಗಳ ಮಾಲೀಕರ ಸಾಮೂಹಿಕ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಆ ಕಾಲದ ಕಾರಿನಲ್ಲಿ ಒಳ್ಳೆಯ ಕೈಯಿಂದ ಬದಲಾದ ಎಂಜಿನ್ ಇದ್ದರೆ, ತಿಳಿದವರು ಅದನ್ನು ನೆಮ್ಮದಿಯ ವಿಷಯವೆಂದೇ ಎಣಿಸುತ್ತಾರೆ.

ನನಗೆ ಕೊನೆಗೆ ಸಿಕ್ಕ ಗಿರಾಕಿ ತಿಳಿದವರು. ದಾವಣಗೆರೆಯ ಡಾಕ್ಟರು, ನನಗಿಂತ ಹತ್ತು ವರ್ಷ ದೊಡ್ಡವರು. ಫೋನಿನಲ್ಲೇ ಕೇಳಿದರು: “ಎಂಜಿನ್ ಎಲ್ಲಿಂದ ಬಂತು, ಹಾಕಿದ ಮೇಲೆ ಎಷ್ಟು ಓಡಿದೆ, ಆರ್‌ಸಿಗೆ ಏರಿದೆಯಾ?” ಆ ಮೂರು ಪ್ರಶ್ನೆಯಲ್ಲೇ ನನ್ನ ಮನಸ್ಸು ಹಗುರಾಯಿತು. ಬರುವಾಗ ತಮ್ಮದೇ ಮೆಕ್ಯಾನಿಕ್‌ನನ್ನು ಕರೆತಂದರು. ಅವನು ಆರೂ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ಅಳೆದ. ಪ್ಲಗ್ ಬಿಚ್ಚಿದ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಗೋಡೆಯಲ್ಲಿ ಗೀರಿದೆಯೇ ಎಂದು ನೋಡಿದ. ಆಮೇಲೆ ಲ್ಯಾಪ್‌ಟಾಪ್ ಜೋಡಿಸಿ ಕಂಪ್ಯೂಟರ್ ಓದಿದ. ಈ ಕಾರಿನ ಕಂಪ್ಯೂಟರ್ ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ, ಮಿತಿ ಮೀರಿ ಸುತ್ತಿದ್ದು ಎಷ್ಟನೇ ಗಂಟೆಯಲ್ಲಿ ಎಂಬುದನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ಎಂಜಿನ್ ಬದಲಾದರೂ ಆ ಲೆಕ್ಕ ಹಳೆಯ ಎಂಜಿನ್‌ನದೇ ಮುಂದುವರಿಯುತ್ತದೆ. ಹಾಗಾಗಿ ಎಂಜಿನ್ ಹಾಕಿಸಿದ ದಿನದ ಗಂಟೆಯನ್ನೂ ಮೀಟರಿನ ಕಿಲೋಮೀಟರನ್ನೂ ನಾನು ಬಿಲ್ಲಿನ ಮೇಲೆಯೇ ಬರೆಸಿಟ್ಟಿದ್ದೆ. ಡಾಕ್ಟರು ಆ ಸಾಲನ್ನು ಎರಡು ಸಲ ಓದಿದರು.

ಬೆಲೆಯ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ಎಂಜಿನ್‌ಗೆ ಸುರಿದ ದುಡ್ಡು ಮಾರುವಾಗ ವಾಪಸ್ ಬರುವುದಿಲ್ಲ, ಆ ಆಸೆ ಇಟ್ಟುಕೊಂಡು ಯಾರೂ ಹಾಕಿಸಬೇಡಿ. ಆದರೆ ಕೆಟ್ಟು ನಿಂತ ಗಾಡಿಗೆ ಗುಜರಿಯವರು ಹೇಳಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಿಕ್ಕಿತು. ಎಂಜಿನ್ ಬಿಚ್ಚದ ಅದೇ ವರ್ಷದ ಕಾರಿಗಿಂತ ಸ್ವಲ್ಪ ಕಡಿಮೆ, ಅಷ್ಟೆ. ಸುಳ್ಳು ಹೇಳಿ ಪೂರ್ತಿ ಬೆಲೆಗೆ ಮಾರಬಹುದಿತ್ತೋ ಏನೋ. ಗೊತ್ತಿದ್ದ ಸಂಗತಿಯನ್ನು ಬೇಕೆಂದೇ ಮರೆಮಾಚುವುದನ್ನು 1872ರ ಕರಾರು ಕಾಯ್ದೆಯ 17ನೇ ಕಲಂ ವಂಚನೆ ಎಂದೇ ಕರೆಯುತ್ತದೆ. ಕೊಂಡವನು ವ್ಯವಹಾರವನ್ನೇ ರದ್ದು ಮಾಡಿಸಬಹುದು. ಕಾಯ್ದೆಯ ಮಾತು ಬಿಡಿ, ಮಧ್ಯರಾತ್ರಿ ಹೆದ್ದಾರಿಯಲ್ಲಿ ಆ ಎಂಜಿನ್ ನಂಬಿ ಗಾಡಿ ಓಡಿಸುವವರು ಅವರು.

ಫೈಲಿನಲ್ಲಿ ಎಲ್ಲವನ್ನೂ ಕೊಟ್ಟೆ: ಎಂಜಿನ್‌ನ ಪೂರ್ವಕಥೆಯ ಮೂರು ಕಾಗದ, ಗ್ಯಾರೇಜಿನ ಬಿಲ್ಲು, ನಂಬರಿನ ಫೋಟೋ, ಹಳೆಯ ಎಂಜಿನ್ ಏನಾಯಿತೆಂಬ ರಸೀದಿ. ಬಾಗಿದ ಕನೆಕ್ಟಿಂಗ್ ರಾಡನ್ನೂ ಕೇಳಿ ಪಡೆದುಕೊಂಡರು. ಫಾರಂ 29, 30ಕ್ಕೆ ಅಲ್ಲೇ ಸಹಿ ಹಾಕಿದೆವು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು. ಗಾಡಿ ಎಷ್ಟು ಕೈ ಬದಲಾದರೂ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಕೀಲಿಕೈ ಕೊಟ್ಟ ಮಾತ್ರಕ್ಕೆ ಮಾರಾಟ ಮುಗಿಯಿತು ಎಂದುಕೊಳ್ಳಬೇಡಿ. ನನ್ನ ಹೆಸರು ಹೋಗಿ ಡಾಕ್ಟರ ಹೆಸರು ಆರ್‌ಸಿಗೆ ಬರಲು ಇಪ್ಪತ್ತೆರಡು ದಿನ ಹಿಡಿಯಿತು.