ಗಾಯಗೊಂಡ ಗೌಜಲ ಹಕ್ಕಿಗೆ ಮನೆಯಲ್ಲಿ ಆರೈಕೆ

ಸದಸ್ಯ ಬಂಧುಗಳಲ್ಲಿ ಕೆಲವರ ಹಿತ್ತಲಲ್ಲಿ ಈಗ ಕೋಳಿಗೂಡಿನ ಜೊತೆಗೆ ಗೌಜಲ ಹಕ್ಕಿಯ ಪುಟ್ಟ ಗೂಡೂ ಇದೆ. ಇದು ನಮ್ಮ ತೋಟದಂಚಿನ ಕಾಡು ಗೌಜಲವಲ್ಲ. 1974ರಲ್ಲಿ ಅಮೆರಿಕದಿಂದ ತರಿಸಿ, ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿ ಅಭಿವೃದ್ಧಿಪಡಿಸಿದ ಜಪಾನೀ ತಳಿ. ಆರೇಳು ವಾರಕ್ಕೇ ಮೊಟ್ಟೆಗೆ ಬರುವುದರಿಂದ ಮನೆಯವರಿಗೂ, ಅಂಗೈಯಲ್ಲಿ ಕೂರುವುದರಿಂದ ಮಕ್ಕಳಿಗೂ ಇದು ಅಚ್ಚುಮೆಚ್ಚು. ಅದಕ್ಕೆ ಪೆಟ್ಟಾದಾಗ "ಇಷ್ಟು ಚಿಕ್ಕ ಹಕ್ಕಿಗೂ ಡಾಕ್ಟರೇ?" ಎಂದು ಹಿರಿಯರು ಕೇಳುವುದೂ, ಮಗು ಊಟ ಬಿಟ್ಟು ಗೂಡಿನ ಮುಂದೆ ಕೂರುವುದೂ ಒಂದೇ ಮನೆಯಲ್ಲಿ ನಡೆಯುತ್ತದೆ. ಮಳೆಗಾಲದ ರಾತ್ರಿ ಪಶುವೈದ್ಯರು ಸಿಗುವುದು ದೂರದ ಮಾತು. ಬೆಳಗಾಗುವವರೆಗೆ ಹಕ್ಕಿಯನ್ನು ಉಳಿಸಿಕೊಳ್ಳುವುದು ಮನೆಯವರ ಕೈಯಲ್ಲೇ ಇರುವುದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಪೆಟ್ಟು ಬೀಳುವ ಬಗೆ

ಗೌಜಲ ಹಕ್ಕಿ ಬೆದರಿದರೆ ಓಡುವುದಕ್ಕಿಂತ ಹೆಚ್ಚಾಗಿ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಗೂಡಿನ ತಂತಿಯ ಚಾವಣಿಗೆ ತಲೆ ಬಡಿದು ನೆತ್ತಿಯ ಚರ್ಮ ಸುಲಿಯುವುದು ಇದರಿಂದಲೇ. ಬೆಕ್ಕು ಬಲೆಯೊಳಗೆ ಪಂಜ ಹಾಕುವುದು, ಗಂಡುಗಳ ಜಗಳ, ಬಲೆಯ ಕಣ್ಣಿನಲ್ಲಿ ಕಾಲು ಸಿಕ್ಕುವುದು, ದಾರ ಅಥವಾ ಕೂದಲು ಬೆರಳಿಗೆ ಸುತ್ತಿಕೊಳ್ಳುವುದು ಇತರ ಕಾರಣಗಳು.

ಮೊದಲ ಗಳಿಗೆಯ ಕೆಲಸ

ಗಾಯವಾದ ಹಕ್ಕಿಯನ್ನು ಕೂಡಲೇ ಬೇರ್ಪಡಿಸಬೇಕು. ರಕ್ತ ಕಂಡರೆ ಜೊತೆಯ ಹಕ್ಕಿಗಳೇ ಕುಕ್ಕುತ್ತವೆ. 150 ಗ್ರಾಂ ತೂಕದ ಹಕ್ಕಿಯ ಮೈಯಲ್ಲಿರುವ ರಕ್ತ ಸುಮಾರು 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚೆಯಷ್ಟು ಮಾತ್ರ. ಆದುದರಿಂದ ರಕ್ತ ನಿಲ್ಲಿಸುವುದೇ ಮೊದಲ ಕೆಲಸ. ಶುಭ್ರ ಬಟ್ಟೆಯಿಂದ ಗಾಯವನ್ನು ಮೆಲ್ಲಗೆ ಒತ್ತಿ ಐದು ನಿಮಿಷ ಬಿಡದೆ ಹಿಡಿಯಬೇಕು. ಉಗುರು ಮುರಿದಿದ್ದರೆ ಅದರ ತುದಿಗೆ ಮೈದಾ ಹಿಟ್ಟು ಒತ್ತಿದರೆ ಸಾಕು.

ಹಿಡಿಯುವಾಗ ಒಂದು ಎಚ್ಚರ ಅಗತ್ಯ. ಹಕ್ಕಿಗಳಿಗೆ ನಮ್ಮಂತೆ ವಪೆಯಿಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರಾಟ ನಡೆಯುತ್ತದೆ. ಎದೆಯನ್ನು ಬಿಗಿಯಾಗಿ ಹಿಡಿದರೆ ಅಥವಾ ಬಿಗಿಯಾಗಿ ಸುತ್ತಿ ಕಟ್ಟಿದರೆ ಗಾಯದಿಂದ ಸಾಯದ ಹಕ್ಕಿ ಉಸಿರುಕಟ್ಟಿ ಸಾಯುತ್ತದೆ.

ರಕ್ತ ನಿಂತ ಮೇಲೆ, ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚೆ ಉಪ್ಪು ಕದಡಿ, ಆ ನೀರಿನಿಂದ ಗಾಯ ತೊಳೆಯಬಹುದು. ಬಳಿಕ ಪೊವಿಡೋನ್ ಅಯೊಡಿನ್ ದ್ರಾವಣವನ್ನು ಹಾಲಿಲ್ಲದ ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಬೇಕು.

ಬೆಚ್ಚಗೆ, ಕತ್ತಲಲ್ಲಿ

ಹಕ್ಕಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಪೆಟ್ಟಾದಾಗ ಈ ಶಾಖ ಕಾಯ್ದುಕೊಳ್ಳುವ ಶಕ್ತಿ ಕುಂದುತ್ತದೆ, ಪುಕ್ಕ ಉಬ್ಬಿಸಿಕೊಂಡು ಮುದುರಿ ಕೂರುತ್ತದೆ. ರಟ್ಟಿನ ಪೆಟ್ಟಿಗೆಗೆ ಗಾಳಿತೂತು ಮಾಡಿ, ತಳಕ್ಕೆ ಹಳೆಯ ಟವೆಲ್ ಹಾಸಿ ಅದರಲ್ಲಿ ಬಿಡಬೇಕು. ಬರೀ ಪತ್ರಿಕೆಯ ಹಾಳೆ ಹಾಸಿದರೆ ಕಾಲು ಜಾರುತ್ತದೆ. ಪೆಟ್ಟಿಗೆಯ ಒಳಗೆ 30 ಡಿಗ್ರಿಯಷ್ಟು ಶಾಖವಿದ್ದರೆ ಒಳ್ಳೆಯದು. ಇಂದಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಸಾಕಷ್ಟು ಶಾಖ ಕೊಡುವುದಿಲ್ಲ. ಕರೆಂಟು ಹೋಗುವ ನಮ್ಮ ಕಡೆಗೆ ಬಿಸಿನೀರಿನ ಬಾಟಲಿಯೇ ವಾಸಿ. ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಬೇಕು. ಸೆಕೆಯಾದರೆ ಹಕ್ಕಿ ಇನ್ನೊಂದು ಬದಿಗೆ ಸರಿಯಲು ಜಾಗವಿರಬೇಕು. ಮಕ್ಕಳು ಹತ್ತು ಸಲ ಇಣುಕದಂತೆ ನೋಡಿಕೊಳ್ಳುವುದೂ ಆರೈಕೆಯೇ.

ನೀರು ಮತ್ತು ಆಹಾರ

ಬಾಯಿ ಬಿಡಿಸಿ ನೀರು ಹೊಯ್ಯತಕ್ಕದ್ದಲ್ಲ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ನೇರ ಪುಪ್ಪುಸಕ್ಕೆ ಇಳಿಯುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿದರೆ ತಾನೇ ಚಪ್ಪರಿಸುತ್ತದೆ. ಚೇತರಿಸಿಕೊಂಡ ಮೇಲೆ ಆಳವಿಲ್ಲದ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ ನೀರಿಡಬಹುದು. ಮರಿಕೋಳಿಯ ಪುಡಿ ಆಹಾರವನ್ನು ನೀರಿನಲ್ಲಿ ಕಲಸಿ ಕೊಡಬೇಕು, ಜೊತೆಗೆ ಬೇಯಿಸಿದ ಮೊಟ್ಟೆಯ ಚೂರು ಒಳ್ಳೆಯದು. ದಿನಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಅಪಾಯವೆಂದು ತಿಳಿಯಬೇಕು.

ಕಾಲು ಮತ್ತು ರೆಕ್ಕೆ

ಪುಕ್ಕವಿಲ್ಲದ ಕೆಳಗಾಲು ಮುರಿದಿದ್ದರೆ, ಅಂಟುಪಟ್ಟಿಯ ಎರಡು ತುಂಡುಗಳನ್ನು ಎರಡೂ ಬದಿಯಿಂದ ಕಾಲಿಗೆ ಅಂಟಿಸಿ ಅಂಚುಗಳನ್ನು ಒಂದಕ್ಕೊಂದು ಒತ್ತಿದರೆ ತಾತ್ಕಾಲಿಕ ದಬ್ಬೆಯಾಗುತ್ತದೆ. ಬೆರಳು ಊದಿದರೆ ಅಥವಾ ತಣ್ಣಗಾದರೆ ಕೂಡಲೇ ಬಿಚ್ಚಬೇಕು. ಸರಿಯಾಗಿ ಕೂಡಿಸಿದ ಮೂಳೆ ಸುಮಾರು ಮೂರು ವಾರದಲ್ಲಿ ಬೆಸೆಯುತ್ತದೆ. ಹೆಗಲ ಬಳಿಯ ರೆಕ್ಕೆಮೂಳೆ ಪೊಳ್ಳು, ಅದಕ್ಕೂ ಉಸಿರಿನ ಗಾಳಿಚೀಲಕ್ಕೂ ಸಂಪರ್ಕವಿದೆ. ಅಲ್ಲಿ ಮೂಳೆ ಹೊರಬಂದಿದ್ದರೆ ನೀರು ಹೊಯ್ದು ತೊಳೆಯಲೇಬಾರದು. ಶುಭ್ರ ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಒಯ್ಯಬೇಕು.

ಮಾಡಬಾರದ ಕೆಲಸ

ಗಾಯಕ್ಕೆ ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪು ಹಾಕಬಾರದು. ಔಷಧಿ ಹೊಡೆಯಲು ತಂದ ಮೈಲುತುತ್ತ ಕೈಗೆ ಸಿಕ್ಕಿತೆಂದು ಅದನ್ನೂ ಬಳಸಬಾರದು. ಎಣ್ಣೆ, ತುಪ್ಪ ಮೆತ್ತಿದರೆ ಪುಕ್ಕ ಅಂಟಿಕೊಂಡು ಮೈ ತಣ್ಣಗಾಗುತ್ತದೆ. ನಮ್ಮ ನೋವಿನ ಮಾತ್ರೆಯನ್ನು ಚೂರು ಮಾಡಿ ಕೊಡುವುದು ಎಲ್ಲಕ್ಕಿಂತ ಅಪಾಯ. ಡೈಕ್ಲೊಫೆನಾಕ್ ಸೇರಿದ ದನದ ಹೆಣ ತಿಂದು ರಣಹದ್ದುಗಳು ನಿರ್ನಾಮದ ಅಂಚಿಗೆ ಬಂದವು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು.

ವೈದ್ಯರಿಗೆ ತೋರಿಸಲೇಬೇಕಾದ ಸಂದರ್ಭ

ಬೆಕ್ಕಿನ ಹಲ್ಲು ತಾಗಿದ್ದರೆ ಗಾಯ ಸೂಜಿಮೊನೆಯಷ್ಟಿದ್ದರೂ ಮರುದಿನವೇ ಒಯ್ಯಬೇಕು. ಅದರ ಬಾಯಿಯ ರೋಗಾಣು ಹಕ್ಕಿಯನ್ನು ಒಂದೆರಡು ದಿನದಲ್ಲೇ ಕೊಲ್ಲಬಲ್ಲದು. ರಕ್ತ ನಿಲ್ಲದಿದ್ದರೆ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಕತ್ತು ತಿರುಚಿದ್ದರೆ, ಗಾಯದಲ್ಲಿ ಹುಳು ಕಂಡರೆ, ಒಂದಿಡೀ ದಿನ ಏನೂ ತಿನ್ನದಿದ್ದರೆ ತಡಮಾಡಬಾರದು. ಉಳಿಯುವಂತಿಲ್ಲವೆಂದು ವೈದ್ಯರು ಹೇಳಿದರೆ ನೋವಿಲ್ಲದ ಸಾವು ಕೊಡಿಸುವುದೂ ಸಾಕಿದವರ ಹೊಣೆ. ಮಗುವಿಗೂ ಅದನ್ನು ಮುಚ್ಚಿಡದೆ ತಿಳಿಸುವುದೇ ಸರಿ. ಔಷಧಿ ನಡೆಯುತ್ತಿರುವಾಗ ಇಟ್ಟ ಮೊಟ್ಟೆಯನ್ನು ವೈದ್ಯರ ಒಪ್ಪಿಗೆಯಿಲ್ಲದೆ ತಿನ್ನಬಾರದು.

ತೋಟದಲ್ಲಿ ಸಿಕ್ಕಿದ ಗಾಯದ ಹಕ್ಕಿ ಕಾಡು ಗೌಜಲವಾಗಿದ್ದರೆ ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅದನ್ನು ಸಾಕಿಕೊಳ್ಳದೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ವಾಸಿಯಾದ ಹಕ್ಕಿಯನ್ನು ಒಮ್ಮೆಗೇ ಗುಂಪಿಗೆ ಬಿಡದೆ, ನಡುವೆ ಬಲೆಯಿಟ್ಟು ಎರಡು ಮೂರು ದಿನ ಪರಸ್ಪರ ಕಾಣುವಂತೆ ಇರಿಸಿ ಆಮೇಲೆ ಸೇರಿಸಿ. ಅಷ್ಟರೊಳಗೆ ಗೂಡಿನ ಚಾವಣಿಯ ಒಳಬದಿಗೆ ಹಳೆಯ ಗೋಣಿಯನ್ನೋ ಮೆತ್ತನೆಯ ಬಟ್ಟೆಯನ್ನೋ ಬಿಗಿದು ಕಟ್ಟಿಬಿಡಿ. ಒಂದು ಹಳೆಯ ಕಾಫಿ ಚೀಲ ಇದಕ್ಕೆ ಧಾರಾಳವಾಗಿ ಸಾಕು.