ಫಸಲು ಮನೆಯಲ್ಲಿರುವಾಗ ಬೆಂಕಿಯ ಎಚ್ಚರ

ವರ್ಷದ ದುಡಿಮೆಯೆಲ್ಲ ಒಂದೇ ಸೂರಿನಡಿ ಬಂದು ಸೇರುವ ಕಾಲ ನಮಗೆ ಪುಷ್ಯ, ಮಾಘ ಮಾಸಗಳು. ಅಟ್ಟದ ಮೇಲೆ ಒಣಗಿದ ಅಡಿಕೆ, ಪಡಸಾಲೆಯಲ್ಲಿ ಕಾಫಿ ಚೀಲ, ಹಿತ್ತಿಲಲ್ಲಿ ಸೌದೆ, ಕೊಟ್ಟಿಗೆಯ ಮೇಲೆ ಹುಲ್ಲು. ಬೆಂಕಿಗೂ ಅದೇ ಸುಗ್ಗಿ. ಮೂಡುಗಾಳಿ ಬೀಸತೊಡಗಿದರೆ ದರಗೆಲ್ಲ ಹಪ್ಪಳದಂತಾಗುತ್ತದೆ. ಪೇಟೆಯಿಂದ ದೂರದ ತೋಟದ ಮನೆಗೆ ಅಗ್ನಿಶಾಮಕ ದಳದ ವಾಹನ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕಾಲುಸಂಕ ದಾಟಿ ಹೋಗಬೇಕಾದ ಮನೆಗೆ ಅದು ಬರಲಾರದು. 101 ಅಥವಾ 112ಕ್ಕೆ ಫೋನು ಮಾಡುವುದು ಮಾಡಲೇಬೇಕು. ಆದರೆ ಮೊದಲ ಹತ್ತು ನಿಮಿಷದ ಕೆಲಸ ಮನೆಯವರದೇ ಎಂದು ಎಣಿಸಿ ಸದಸ್ಯ ಬಂಧುಗಳು ಏರ್ಪಾಡು ಮಾಡಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ.

ಉರಿಯುವ ಒಲೆಯನ್ನು ಎಲ್ಲರೂ ನೋಡಿಕೊಳ್ಳುತ್ತೇವೆ. ಮೋಸ ಮಾಡುವುದು ಆರಿತೆಂದು ಬಿಟ್ಟ ಒಲೆ. ಅಡಿಕೆ ಬೇಯಿಸಿದ ಒಲೆಯ ಕೆಂಡ ಬೂದಿಯ ಹೊದಿಕೆಯಡಿಯಲ್ಲಿ ಮರುದಿನವೂ ಜೀವ ಹಿಡಿದಿರಬಲ್ಲದು. ಬೆಳಿಗ್ಗೆ ಆ ಬೂದಿಯನ್ನು ಬುಟ್ಟಿಗೆ ಬಳಿದು ಗಿಡದ ಬುಡದ ದರಗಿನ ಮೇಲೆ ಸುರಿದರೆ, ಮಧ್ಯಾಹ್ನ ಗಾಳಿ ಏಳುವಾಗ ಅಲ್ಲಿ ಹೊಗೆ. ಬೂದಿಗೆಂದೇ ಮುಚ್ಚಳವಿರುವ ಒಂದು ತಗಡಿನ ಡಬ್ಬ ಇಟ್ಟು, ನೀರು ಚಿಮುಕಿಸಿ, ಕೋಲಿನಿಂದ ಕೆದಕಿ, ಎರಡು ದಿನ ಮನೆಯಿಂದ ದೂರವಿಟ್ಟು ಆಮೇಲೆ ತೋಟಕ್ಕೆ ಹಾಕಿರಿ. ಅಡಿಕೆ ಸಿಪ್ಪೆಯ ರಾಶಿಯೂ ಇದೇ ಜಾತಿಯದು. ಮೇಲೆ ಏನೂ ಕಾಣದಿದ್ದರೂ ಒಳಗೊಳಗೇ ದಿನಗಟ್ಟಲೆ ಕನಲುತ್ತದೆ. ಬಚ್ಚಲೊಲೆಗೆ ಉದ್ದನೆಯ ಕುಂಟೆ ತುರುಕಿ ಮಲಗುವ ಅಭ್ಯಾಸವೂ ಒಳ್ಳೆಯದಲ್ಲ. ಮುಂದಿನ ತುದಿ ಉರಿದು ಮುಗಿದಂತೆ ಹಿಂದಿನ ತುದಿ ಹೊರಕ್ಕೆ ಜಾರುತ್ತದೆ.

ಅಕಾಲ ಮಳೆ ಬಂದರೆ ಬೇಯಿಸಿದ ಅಡಿಕೆಯನ್ನು ಬೆಂಕಿಯ ಮೇಲೆ ಒಣಗಿಸುವುದು ಅನಿವಾರ್ಯವಾಗುತ್ತದೆ. ಹಾಗಿದ್ದಲ್ಲಿ ಡ್ರೈಯರನ್ನು ವಾಸದ ಮನೆಯ ಗೋಡೆಗೆ ಆನಿಸಿ ಕಟ್ಟಬೇಡಿ. ತಟ್ಟಿಯ ಸಂದಿನಿಂದ ಉದುರುವ ಅಡಿಕೆ, ಸಿಪ್ಪೆಯ ನಾರು ಉರಿಯ ಮೇಲೆ ಬೀಳದಂತೆ ನಡುವೆ ತಗಡಿರಲಿ. ರಾತ್ರಿ ಕಾಯಲು ಆಳಿಲ್ಲವೆಂದರೆ ಬೆಂಕಿ ಎಳೆದುಬಿಡುವುದೇ ವಾಸಿ. ಒಂದು ರಾತ್ರಿ ಒಣಗದಿದ್ದರೆ ಅಡಿಕೆಗೆ ಸ್ವಲ್ಪ ಬೂಸು ಬರಬಹುದು, ಅಷ್ಟೇ.

ಕಳೆ ಕತ್ತರಿಸುವ ಯಂತ್ರ ಬಂದ ಮೇಲೆ ಪೆಟ್ರೋಲು ಮನೆಯೊಳಗೆ ಬಂದಿದೆ. ನೀರಿನ ಬಾಟಲಿಯಲ್ಲಿ ತಂದು ಕಾಫಿ ಚೀಲದ ಪಕ್ಕದಲ್ಲೇ ಇಡುವವರಿದ್ದಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಒಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಅದು ಹೊರಗಿನ ಕೊಠಡಿಯಲ್ಲಿರಲಿ. ಬಿಸಿಯಾದ ಯಂತ್ರಕ್ಕೆ ಹಾಕಬೇಡಿ. ಅಡಿಗೆ ಅನಿಲವೂ ಹೀಗೆಯೇ ಕೆಳಗೆ ನಿಲ್ಲುವಂಥದು. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳುಹಿಸಿ 1906ಕ್ಕೆ ಫೋನು ಮಾಡಿರಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ ತಟ್ಟೆ ಮುಚ್ಚಿದರೆ ಸಾಕು. ಫ್ಯೂಸಿಗೆ ಕೈಗೆ ಸಿಕ್ಕಿದ ತಂತಿ ಸುತ್ತುವ ಜಾಣತನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಇನ್ನು ಆರಿಸುವ ಸಲಕರಣೆ. ಅಂಗಡಿಯಿಂದ ಒಣಪುಡಿಯ ಕೆಂಪು ಸಿಲಿಂಡರೊಂದನ್ನು ತಂದು ಬಾಗಿಲ ಬಳಿ ತೂಗುಹಾಕುವುದು ಒಳ್ಳೆಯದೇ. ಆದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಯುಧವಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪು ಬೇಸಿಗೆಯೆಲ್ಲ ಮೂಲೆಯಲ್ಲಿ ಬಿದ್ದಿರುತ್ತದೆ. ಅಡಿಕೆ ಕೊನೆಯವರೆಗೆ ಚಿಮ್ಮುವ ಪಂಪಿಗೆ ಮನೆಯ ಮಾಡು ಏನು ಎತ್ತರ? ಸುಣ್ಣ, ತುತ್ತದ ಗಸಿ ತೊಳೆದು, ವಾಷರು ನೋಡಿ, ತುಂಬಿದ ಡ್ರಮ್ಮಿನ ಪಕ್ಕದಲ್ಲಿಟ್ಟು ಮನೆಮಂದಿಯೆಲ್ಲ ಒಮ್ಮೆ ಒತ್ತಿ ನೋಡಿರಿ. ಕಾಫಿ ಹೂಮಳೆಗೆ ಸ್ಪ್ರಿಂಕ್ಲರ್ ಇಟ್ಟವರು ಒಂದು ಪೈಪಿನ ಸಾಲು ಕಣದವರೆಗೆ ತಂದಿಟ್ಟರೆ ಮತ್ತೂ ಒಳ್ಳೆಯದು. ಡೀಸೆಲ್ ಪಂಪಾದರೆ ಕರೆಂಟು ಹೋದಾಗಲೂ ನಡೆದೀತು. ನೀರು ಬಿಡುವ ಮೊದಲು ಮೆಯಿನ್ ಸ್ವಿಚ್ಚು ತೆಗೆಯುವುದನ್ನು ಮಾತ್ರ ಮರೆಯುವಂತಿಲ್ಲ.

ಗುಡ್ಡದ ಬೆಂಕಿ ಮನೆಯತ್ತ ಬರುವುದೂ ಉಂಟು. ಜನವರಿಯೊಳಗೆ ಮನೆ, ಕಣ, ಬಣವೆಯ ಸುತ್ತ ದರಗು ಗುಡಿಸಿ ಮಣ್ಣು ಕಾಣುವಂತೆ ಮಾಡಿ. ಹೆಂಚಿನ ಸಂದಿನ ಎಲೆಯನ್ನೂ ತೆಗೆಸಿ. ಗುಡ್ಡದ ಬೆಂಕಿಗೆ ಸೊಪ್ಪು ಹಿಡಿದು ಮೇಲಿನಿಂದ ಎದುರಾಗಬೇಡಿ. ಏರಿನಲ್ಲಿ ಬೆಂಕಿ ಮನುಷ್ಯನಿಗಿಂತ ಬೇಗ ಓಡುತ್ತದೆ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಗುಡ್ಡದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೇ ಸುಟ್ಟುಕೊಂಡು, ಅವರಲ್ಲಿ ಒಬ್ಬರು ತೀರಿಕೊಂಡರು. ಕಾಡಿನ ಬೆಂಕಿಯ ಅನುಭವವಿದ್ದವರ ಪಾಡೇ ಹೀಗಾಯಿತು.

ಮೈಗೆ ಬೆಂಕಿ ಹತ್ತಿದವರನ್ನು ಓಡಲು ಬಿಡದೆ ನೆಲಕ್ಕೆ ಕೆಡವಿ ಉಣ್ಣೆಯ ಕಂಬಳಿ ಸುತ್ತಿರಿ. ನೈಲಾನು ಬೇಡ, ಕರಗಿ ಅಂಟುತ್ತದೆ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಶಾಯಿ, ಪೇಸ್ಟು, ಬೆಣ್ಣೆ ಯಾವುದೂ ಬೇಡ.

ವಿಮೆಯ ಮಾತು ಒಂದಿಷ್ಟು. ಮನೆಯ ಮೇಲೆ ಪಾಲಿಸಿ ಇದೆಯೆಂದು ನಿಶ್ಚಿಂತರಾಗಿರುವ ಸದಸ್ಯರು ಅದನ್ನು ಪೆಟ್ಟಿಗೆಯಿಂದ ತೆಗೆದು ಓದುವುದು ಒಳಿತು. ಗೃಹ ಪಾಲಿಸಿಯಲ್ಲಿ ಸಾಮಾನು ಎಂದರೆ ಮಂಚ, ಪಾತ್ರೆ, ಟೀವಿ ಇತ್ಯಾದಿ. ಮಾರಾಟಕ್ಕೆ ಕೂಡಿಟ್ಟ ಅಡಿಕೆ, ಕಾಫಿ ಅದರಲ್ಲಿ ಸೇರಿದೆಯೆಂದು ಭಾವಿಸಬಾರದು. ದಾಸ್ತಾನಿಗೆ ಬೇರೆ ಪಾಲಿಸಿ ಬೇಕಾಗಬಹುದು. ಕೊಯ್ಲು ಮುಗಿಯುವುದರೊಳಗೆ ಏಜೆಂಟರನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.